ಸಾರ್ವಜನಿಕ ಶಾಲೆಗಳಲ್ಲಿ ಆರೋಗ್ಯಶಿಕ್ಷಣವೂ ಉಪಾಧ್ಯಾಯರ ಸಿದ್ಧತೆಯೂ

(ಬನ್ನಿಮಂಟಪದಲ್ಲಿ ಭಕ್ತರ ಮತ್ತು ಉಪಾಧ್ಯಾಯರ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)



ಸಕಲ ಪುರುಷಾರ್ಥಗಳಿಗೂ ಶರೀರವೇ ಮೂಲಸಾಧನವೆಂಬುದು ಎಲ್ಲರೂ ಬಲ್ಲ ಮಾತು. ಕಾಯಕವು ಕಾಯದಿಂದಲೇ ನಡೆಯತಕ್ಕದ್ದು. ದಾಸೋಹವು ಕೈಗಳಿಂದಲೇ ಆಗತಕ್ಕದ್ದು. ಪೂಜೆಗೆ ಕುಳಿತುಕೊಳ್ಳುವುದಕ್ಕೂ ನೋವಿಲ್ಲದ ದೇಹವೇ ಬೇಕು. ಆದರೆ ಬಲ್ಲ ಮಾತೆಲ್ಲವೂ ಆಚರಣೆಗೆ ಬಂದ ಮಾತಲ್ಲ. ಅರಿವು ಬೇರೆ, ಆಚಾರ ಬೇರೆ ಎಂದಾದರೆ ಆ ಅರಿವು ಅರಿವೇ ಅಲ್ಲವೆಂಬುದು ಶರಣಮಾರ್ಗದ ಸಾರವಷ್ಟೆ. ಸರಕಾರದ ಮತ್ತು ಸರಕಾರದ ನೆರವು ಪಡೆದ ಶಾಲೆಗಳಲ್ಲಿ ಮಕ್ಕಳಿಗೆ ಆರೋಗ್ಯಶಿಕ್ಷಣವನ್ನು ಯಾವ ಕ್ರಮದಿಂದ ಕೊಡಬೇಕು, ಅದನ್ನು ಕೊಡತಕ್ಕ ಉಪಾಧ್ಯಾಯರನ್ನು ಯಾವ ಕ್ರಮದಿಂದ ಸಿದ್ಧಪಡಿಸಬೇಕು ಎಂಬೆರಡು ಪ್ರಶ್ನೆಗಳನ್ನು ಈ ಸಾರದ ಬೆಳಕಿನಲ್ಲಿ ವಿಚಾರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶ.

ಸಭೆ ನೆರೆದಿರುವ ಈ ಬನ್ನಿಮಂಟಪವು ವಿಜಯದಶಮಿಯ ಸ್ಥಳ. ಅರಮನೆಯಿಂದ ಹೊರಟ ಜಂಬೂಸವಾರಿಯು ಸಯ್ಯಾಜಿರಾವ್ ರಸ್ತೆಯನ್ನು ಹಿಡಿದು, ೧೯೦೮ರಲ್ಲಿ ಆರಂಭವಾದ ಸರಕಾರಿ ಆಯುರ್ವೇದ ಕಾಲೇಜಿನ ವೃತ್ತವನ್ನು ದಾಟಿ, ಸುಮಾರು ೫ ಕಿಲೋಮೀಟರು ನಡೆದು ಇಲ್ಲಿಗೆ ಬಂದು ಮುಟ್ಟುವುದು. ಇದೇ ಬನ್ನಿಮಂಟಪದಲ್ಲಿ ಸುತ್ತೂರು ಶ್ರೀಮಠದ ಆಶ್ರಯದಲ್ಲಿರುವ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೮೪ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜು ಇರುವುದು. ನಜರಬಾದಿನ ವಸಂತಮಹಲಿನಲ್ಲಿ ಉಪಾಧ್ಯಾಯರ ಶಿಕ್ಷಣಕ್ಕಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಮಾನಸಗಂಗೋತ್ರಿಯ ಬಳಿ ೧೯೬೩ರಲ್ಲಿ ಹುಟ್ಟಿದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ವೈದ್ಯರನ್ನು ಸಿದ್ಧಪಡಿಸುವ ಮನೆಯೂ ಉಪಾಧ್ಯಾಯರನ್ನು ಸಿದ್ಧಪಡಿಸುವ ಮನೆಯೂ ಹೀಗೆ ಒಂದೇ ಊರಿನಲ್ಲಿರುವುವು. ಇವುಗಳ ನಡುವಣ ಹಾದಿ ಕೆಲವೇ ಕಿಲೋಮೀಟರು. ಆ ಹಾದಿಯಲ್ಲಿ ವೈದ್ಯನೂ ಉಪಾಧ್ಯಾಯನೂ ಎಷ್ಟು ಸಾರಿ ಜೊತೆಯಾಗಿ ನಡೆಯುವರೆಂಬುದರ ಮೇಲೆ ಶಾಲೆಯ ಮಗುವಿನ ಆರೋಗ್ಯ ನಿಂತಿದೆ.

ಮೊದಲು ಹೊಣೆಯ ವಿಚಾರ. ಮಗುವಿಗೆ ಆರೋಗ್ಯವನ್ನು ಕಲಿಸತಕ್ಕವರು ಯಾರು? ವೈದ್ಯರೆಂದು ಒಡನೆಯೇ ಉತ್ತರ ಬರುವುದು ಸಹಜ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ಸರಕಾರಿ ಶಾಲೆಗೆ ವರ್ಷಕ್ಕೊಂದು ಸಾರಿ ಬಂದು ಮಕ್ಕಳನ್ನು ಪರೀಕ್ಷಿಸತಕ್ಕದ್ದು. ಅದು ಬಹು ಉಪಕಾರವಾದ ಕೆಲಸ. ಆದರೆ ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಮೇರೆಗೆ ಶಾಲೆಯು ೧ರಿಂದ ೫ನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ದಿನಗಳು, ೬ರಿಂದ ೮ನೆಯ ತರಗತಿಯವರೆಗೆ ೨೨೦ ದಿನಗಳು ನಡೆಯಬೇಕು. ವೈದ್ಯನು ನೋಡುವುದು ಒಂದು ದಿನ; ಉಪಾಧ್ಯಾಯನು ನೋಡುವುದು ಮಿಕ್ಕ ಎಲ್ಲ ದಿನ. ನಿನ್ನೆ ಓಡಾಡಿದ ಹುಡುಗ ಇಂದು ಮೂಲೆಯಲ್ಲಿ ಕುಳಿತಿದ್ದಾನೆ. ಮೊನ್ನೆಯಿಂದ ಒಬ್ಬ ಹುಡುಗಿ ಊಟವನ್ನು ಅರ್ಧಕ್ಕೆ ಬಿಡುತ್ತಾಳೆ. ಮೂರನೆಯ ಸಾಲಿನ ಬಾಲಕ ಹಲಗೆಯನ್ನು ನೋಡುವಾಗ ಕಣ್ಣು ಕಿರಿದು ಮಾಡುತ್ತಾನೆ. ಇಂಥವುಗಳನ್ನು ಕಾಣಬಲ್ಲವನು ಉಪಾಧ್ಯಾಯನೊಬ್ಬನೇ. ಆದುದರಿಂದ ರೋಗದ ಚಿಕಿತ್ಸೆ ವೈದ್ಯನದು, ಆರೋಗ್ಯದ ಅಭ್ಯಾಸ ಉಪಾಧ್ಯಾಯನದು ಎಂದು ತಿಳಿಯತಕ್ಕದ್ದು. ಯೋಜನೆಯನ್ನು ಹಾಕುವವರು ಇಲ್ಲಿಂದಲೇ ಮೊದಲು ಮಾಡಬೇಕು.

ಜನರು ಆರೋಗ್ಯದ ಮಾತನ್ನು ಹೇಗೆ ಕಲಿಯುತ್ತಾರೆಂಬುದಕ್ಕೆ ಮೈಸೂರಿನ ಚರಿತ್ರೆಯಲ್ಲಿಯೇ ನಿದರ್ಶನಗಳುಂಟು. ೧೮೯೮ನೆಯ ಇಸವಿಯಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟವು ರೋಗವನ್ನು ಹೊತ್ತು ತರುವುದೆಂಬುದು ಆಗ ಸಾಮಾನ್ಯ ಜನಕ್ಕೆ ತಿಳಿಯದು. ಆದರೂ ಕೆಲವೇ ವರ್ಷಗಳಲ್ಲಿ ಅಕ್ಷರ ಬಾರದ ಮುದುಕಿಯೂ ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲವಳಾದಳು: ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಡಬೇಕು. ಇಲಿ ಬಿದ್ದಿತೆಂಬ ಸುದ್ದಿ ಹಬ್ಬಿದೊಡನೆಯೇ ಊರು ಬರಿದಾಗಿ, ಹೊರಗಿನ ಬಯಲಿನಲ್ಲಿ ಗುಡಿಸಲುಗಳು ಏಳುತ್ತಿದ್ದುವು. ಇದರಿಂದ ಉಳಿದ ಪ್ರಾಣಗಳು ಅನೇಕ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಶಿಕ್ಷಣದಲ್ಲಿ ಇದ್ದುದು ಎರಡೇ ಅಂಶ: ಒಂದು ಗುರುತು, ಒಂದು ಕೆಲಸ. ಗುರುತು ಕಣ್ಣಿಗೆ ಬೀಳುವಂಥದು, ಕೆಲಸ ಕೈಯಲ್ಲಾಗುವಂಥದು.

ಎರಡನೆಯ ನಿದರ್ಶನ ಸಿಡುಬಿನದು. ದೇವಿ ಹಾಕಿಸುವುದೆಂದರೆ ಜನರು ಹೆದರಿ ಓಡುತ್ತಿದ್ದ ಕಾಲದಲ್ಲಿ, ಸುಮಾರು ೧೮೦೫ರಲ್ಲಿ, ತಾಮಸ್ ಹಿಕಿ ಎಂಬ ಚಿತ್ರಕಾರನು ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಅವರು ಮೈಸೂರು ಅರಮನೆಯವರೆಂದೂ, ಅವರಲ್ಲೊಬ್ಬರು ಸೆರಗನ್ನು ಸರಿಸಿ ತೋಳನ್ನು ತೋರಿಸಿರುವುದು ದೇವಿ ಹಾಕಿಸಿಕೊಂಡ ಜಾಗವನ್ನು ಕಾಣಿಸುವುದಕ್ಕೆಂದೂ ಚರಿತ್ರಕಾರರಲ್ಲಿ ಕೆಲವರು ಅಭಿಪ್ರಾಯಪಡುವರು. ಆ ಅಭಿಪ್ರಾಯವು ಸರಿಯಾದರೆ ಅದರ ತಾತ್ಪರ್ಯವು ಸ್ಪಷ್ಟ. ಜನರು ಗೌರವಿಸುವವರು ತಾವೇ ಮಾಡಿ ತೋರಿಸಿದ ಕೆಲಸವನ್ನು ಜನರು ಮಾಡುತ್ತಾರೆ. ಊರಿಗೆ ಹಿರಿಯರು ಹೇಗೋ ಮಗುವಿಗೆ ಉಪಾಧ್ಯಾಯರು ಹಾಗೆ. ಊಟಕ್ಕೆ ಮುಂಚೆ ಕೈ ತೊಳೆಯದ ಉಪಾಧ್ಯಾಯನು ಕೈ ತೊಳೆಯುವ ಪಾಠವನ್ನು ಹೇಳಿದರೆ ಮಕ್ಕಳು ಪಾಠವನ್ನು ಬಿಟ್ಟು ಉಪಾಧ್ಯಾಯನನ್ನೇ ಕಲಿಯುವರು. ಸಿಡುಬು ಲೋಕದಿಂದಲೇ ಅಳಿಯಿತೆಂದು ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಜನರು ತೋಳನ್ನು ಒಡ್ಡಲು ಒಪ್ಪಿದ್ದರಿಂದಲೇ ಅದು ಸಾಧ್ಯವಾಯಿತು.

ಇನ್ನು ಯೋಜನೆಗಳ ವಿಚಾರ. ಯೋಜನೆಗಳಿಗೆ ಈ ದೇಶದಲ್ಲಿ ಕೊರತೆಯೆಂದೂ ಇರಲಿಲ್ಲ. ಶಾಲಾಮಕ್ಕಳ ವೈದ್ಯಪರೀಕ್ಷೆಯು ಭಾರತದಲ್ಲಿ ಮೊಟ್ಟಮೊದಲು ಬರೋಡಾ ನಗರದಲ್ಲಿ ೧೯೦೯ರಲ್ಲಿ ನಡೆಯಿತು. ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ೧೯೩೬ರಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾಂತರ ಆರೋಗ್ಯ ಕೇಂದ್ರವೊಂದನ್ನು ತೆರೆದು, ಆರೋಗ್ಯದ ಕೆಲಸಗಾರರನ್ನು ಹಳ್ಳಿಯ ನಡುವೆಯೇ ಪಳಗಿಸುವ ಏರ್ಪಾಡನ್ನು ಮಾಡಿತು. ೧೯೪೬ರಲ್ಲಿ ಭೋರ್ ಸಮಿತಿಯು ಶಾಲಾ ಆರೋಗ್ಯದ ದುರವಸ್ಥೆಯನ್ನು ಎತ್ತಿ ತೋರಿಸಿತು. ೧೯೬೦ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯು ನೇಮಕವಾಗಿ ಮರುವರ್ಷ ವರದಿಯನ್ನು ಒಪ್ಪಿಸಿತು. ಇತ್ತೀಚಿನದು ೨೦೨೦ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಬಂದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ. ಅದರ ಮೇರೆಗೆ ಪ್ರತಿ ಶಾಲೆಯಲ್ಲಿಯೂ ಇಬ್ಬರು ಉಪಾಧ್ಯಾಯರು, ಆದಷ್ಟು ಮಟ್ಟಿಗೆ ಒಬ್ಬ ಪುರುಷರು ಮತ್ತು ಒಬ್ಬ ಮಹಿಳೆ, ಆರೋಗ್ಯ ರಾಯಭಾರಿಗಳೆಂದು ನಿಯುಕ್ತರಾಗಿ ತರಬೇತಿ ಪಡೆದು, ವಾರಕ್ಕೆ ಒಂದು ಗಂಟೆಯ ಕಾಲ ೧೧ ವಿಷಯಗಳನ್ನು ಚಟುವಟಿಕೆಗಳ ಮೂಲಕ ಕಲಿಸತಕ್ಕದ್ದು. ಶರೀರದ ಬೆಳವಣಿಗೆ, ಮನಸ್ಸಿನ ಸ್ವಾಸ್ಥ್ಯ, ಪೌಷ್ಟಿಕ ಆಹಾರ ಮತ್ತು ನೈರ್ಮಲ್ಯ, ಮಾದಕ ವಸ್ತುಗಳಿಂದ ದೂರವಿರುವುದು, ಹಿಂಸೆ ಮತ್ತು ಅಪಘಾತಗಳಿಂದ ರಕ್ಷಣೆ, ಅಂತರಜಾಲದ ಎಚ್ಚರದ ಬಳಕೆ ಮೊದಲಾದುವು ಆ ವಿಷಯಗಳಲ್ಲಿ ಸೇರಿವೆ. ಉಪಾಧ್ಯಾಯನೇ ಆರೋಗ್ಯಶಿಕ್ಷಣದ ಕೇಂದ್ರವೆಂದು ಈ ಯೋಜನೆಯು ಒಪ್ಪಿರುವುದು ಸಂತೋಷದ ಸಂಗತಿ.

ಇಲ್ಲಿ ಪೂರ್ವಪಕ್ಷವು ಏಳುವುದು. ಅದನ್ನು ಮರೆಮಾಚದೆ ಹೇಳಬೇಕು. ಪಾಠ, ಪರೀಕ್ಷೆ, ಲೆಕ್ಕಪತ್ರ, ಗಣತಿ, ಚುನಾವಣೆ, ಬಿಸಿಯೂಟದ ಉಸ್ತುವಾರಿ ಇಷ್ಟೆಲ್ಲವನ್ನೂ ಹೊತ್ತಿರುವ ಉಪಾಧ್ಯಾಯನ ತಲೆಯ ಮೇಲೆ ೧೧ ವಿಷಯಗಳ ಹೊಸ ಗಂಟನ್ನೂ ಇಡುವುದು ನ್ಯಾಯವೇ? ವೈದ್ಯಶಾಸ್ತ್ರವನ್ನೋದದವನು ಆರೋಗ್ಯವನ್ನು ಹೇಗೆ ಹೇಳಬಲ್ಲನು? ಕೆಲವು ದಿನಗಳ ತರಬೇತಿಯಲ್ಲಿ ಕೇಳಿದ್ದು ಎಷ್ಟು ದಿನ ನೆನಪಿನಲ್ಲಿರುವುದು? ಕೊನೆಗೆ ಇದು ಫಲಕದ ಮೇಲೆ ಬರೆದು ಅಳಿಸುವ ಇನ್ನೊಂದು ಪಾಠವಾಗುವುದಿಲ್ಲವೇ?

ಈ ಆಕ್ಷೇಪಗಳಲ್ಲಿ ಸತ್ಯಾಂಶವಿದೆ. ಆದುದರಿಂದ ಸಿದ್ಧಾಂತವನ್ನು ಇವುಗಳಿಗೆ ಸಮಾಧಾನವಾಗುವಂತೆ ನಿರೂಪಿಸಬೇಕು. ಆರೋಗ್ಯಶಿಕ್ಷಣವು ಹೆಚ್ಚು ಹೇಳುವುದರಲ್ಲಿಲ್ಲ. ಕೆಲವನ್ನೇ ದಿನವೂ ಮಾಡಿಸುವುದರಲ್ಲಿದೆ. ಉಪಾಧ್ಯಾಯನಿಗೆ ಬೇಕಾದುದು ವೈದ್ಯಶಾಸ್ತ್ರವಲ್ಲ. ಪ್ಲೇಗಿನ ಕಾಲದ ಮುದುಕಿ ಕಲಿತ ಎರಡು ಅಂಶಗಳ ಜೊತೆಗೆ ಮೂರನೆಯದೊಂದು ಸೇರಿದರೆ ಸಾಕು: ಗುರುತು, ಕೆಲಸ, ಮತ್ತು ಯಾರ ಬಳಿಗೆ ಕಳುಹಿಸಬೇಕೆಂಬ ವಿಳಾಸ. ಈ ಮೂರರಲ್ಲಿ ಉಪಾಧ್ಯಾಯನನ್ನು ಪಳಗಿಸುವುದೇ ತರಬೇತಿಯ ಗುರಿಯಾಗಬೇಕು. ಇದನ್ನು ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು.

ಕಣ್ಣಿನ ವಿಷಯವನ್ನು ತೆಗೆದುಕೊಳ್ಳೋಣ. ಹಲಗೆಯ ಅಕ್ಷರ ಕಾಣದ ಮಗುವು ತನಗೆ ಕಾಣದೆಂದು ಹೇಳುವುದಿಲ್ಲ; ಏಕೆಂದರೆ ಇತರರಿಗೆ ಹೇಗೆ ಕಾಣುವುದೆಂಬುದು ಅದಕ್ಕೆ ತಿಳಿಯದು. ಅದು ತಪ್ಪು ಬರೆಯುವುದು, ದಡ್ಡನೆನ್ನಿಸಿಕೊಳ್ಳುವುದು, ಕಡೆಗೆ ದಡ್ಡನೆಂದು ತಾನೂ ನಂಬುವುದು. ೬ ಮೀಟರಿನ ದೂರದಲ್ಲಿ ಅಕ್ಷರಪಟವನ್ನು ತೂಗುಹಾಕಿ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದನ್ನು ಉಪಾಧ್ಯಾಯನು ಅರ್ಧ ದಿನದಲ್ಲಿ ಕಲಿಯಬಲ್ಲನು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮವೂ ಶಾಲೆಯ ಮೊದಲ ಪರೀಕ್ಷೆಯನ್ನು ಉಪಾಧ್ಯಾಯರಿಗೇ ಒಪ್ಪಿಸಿ, ಸಂದೇಹವಿದ್ದ ಮಕ್ಕಳನ್ನು ಮಾತ್ರ ನೇತ್ರ ಸಹಾಯಕರ ಬಳಿಗೆ ಕಳುಹಿಸುವ ಕ್ರಮವನ್ನು ಅನುಸರಿಸಿದೆ. ಒಂದು ಜೊತೆ ಕನ್ನಡಕದಿಂದ ಒಂದು ಜನ್ಮದ ವಿದ್ಯೆ ಉಳಿಯುವುದು.

ರಕ್ತಹೀನತೆಯು ಎರಡನೆಯದು. ೨೦೧೯ರಿಂದ ೨೦೨೧ರವರೆಗೆ ನಡೆದ ೫ನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೧೯ ವರ್ಷ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟು. ಮುಖ ಬಿಳಿಚಿಕೊಳ್ಳುವುದು, ಬೇಗನೆ ಆಯಾಸವಾಗುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಅದರ ಗುರುತುಗಳು. ಶಾಲೆಯಲ್ಲಿ ವಾರಕ್ಕೊಂದು ಸಾರಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಊಟವಾದ ಮೇಲೆ ನುಂಗಿಸುವುದು ಕೆಲಸ. ಗುಳಿಗೆಯನ್ನು ತೆಗೆದುಕೊಂಡ ಕೆಲವರಿಗೆ ಹೊಟ್ಟೆ ತೊಳಸುವುದುಂಟು, ಮಲವು ಕಪ್ಪಾಗುವುದುಂಟು. ಇದನ್ನು ಮುಂಚಿತವಾಗಿ ಹೇಳದಿದ್ದರೆ ಮರುವಾರ ಮಕ್ಕಳು ಗುಳಿಗೆಯನ್ನು ಕಿಟಕಿಯಿಂದ ಹೊರಗೆ ಎಸೆಯುವರು, ತಾಯಂದಿರೂ ಹೆದರುವರು. ಉಪಾಧ್ಯಾಯಿನಿಯು ಮುಂಚೆಯೇ ತಿಳಿಸಿ, ತಾನೂ ಮಕ್ಕಳೆದುರಿಗೆ ಒಂದು ಗುಳಿಗೆಯನ್ನು ನುಂಗಿದರೆ ಭಯವು ತಾನಾಗಿ ಹೋಗುವುದು. ರಾಗಿ, ಹುರುಳಿ, ನುಗ್ಗೆಸೊಪ್ಪುಗಳ ಗುಣವನ್ನೂ, ಊಟದೊಡನೆ ನಿಂಬೆ ಅಥವಾ ನೆಲ್ಲಿಕಾಯಿ ಸೇರಿದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೆ ಹತ್ತುವುದೆಂಬುದನ್ನೂ, ಊಟದ ಒಡನೆ ಚಹಾ ಕುಡಿದರೆ ಅದು ಕುಗ್ಗುವುದೆಂಬುದನ್ನೂ ಹೇಳುವುದಕ್ಕೆ ಬೇರೆ ಪುಸ್ತಕ ಬೇಡ. ಬಿಸಿಯೂಟದ ಪಂಕ್ತಿಯೇ ಸಾಕು.

ಬಿಸಿಯೂಟದ ಮಾತು ಬಂದುದರಿಂದ ಅದರ ವಿಷಯವಾಗಿ ಒಂದೆರಡು ಮಾತು. ೨೦೦೨ರಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ ಶಾಲಾ ಭೋಜನದ ಏರ್ಪಾಡಿಗೆ ಅಕ್ಷರ ದಾಸೋಹವೆಂಬ ಹೆಸರು ಬಂದುದು ಭಕ್ತರಿಗೆಲ್ಲ ಹೆಮ್ಮೆಯ ವಿಷಯ. ೨೦೧೩ರಲ್ಲಿ ಕ್ಷೀರಭಾಗ್ಯವೂ ಅದಕ್ಕೆ ಜೊತೆಯಾಯಿತು. ದಾಸೋಹವೆಂಬುದು ಬರಿಯ ಅನ್ನ ಬಡಿಸುವುದಲ್ಲ. ಶುಚಿ, ಸಮತೆ, ವಿನಯಗಳಿಂದೊಡಗೂಡಿದ ಅನ್ನವನ್ನು ಹಂಚುವುದು. ಊಟದ ಮುಂಚಿನ ಹತ್ತು ನಿಮಿಷಗಳೇ ಆರೋಗ್ಯಶಿಕ್ಷಣದ ಅತ್ಯುತ್ತಮ ತರಗತಿ. ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವೊಂದರಿಂದಲೇ ಮಕ್ಕಳ ಭೇದಿರೋಗವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ವಾರದಲ್ಲೊಂದು ಗಂಟೆಯ ಉಪದೇಶಕ್ಕಿಂತ ದಿನವೂ ನಡೆಯುವ ಈ ಹತ್ತು ನಿಮಿಷಗಳ ಆಚಾರವು ದೊಡ್ಡದು. ಇದರಿಂದ ಉಪಾಧ್ಯಾಯನ ಹೊರೆಯ ಪ್ರಶ್ನೆಗೂ ಸಮಾಧಾನ ದೊರೆಯುವುದು. ಹೊಸ ಗಂಟನ್ನು ಹೊರಿಸುವ ಬದಲು ಈಗಾಗಲೇ ನಡೆಯುತ್ತಿರುವ ಕೆಲಸದಲ್ಲಿಯೇ ಶಿಕ್ಷಣವನ್ನು ಬೆರೆಸುವುದು ಜಾಣತನ. ಅಷ್ಟಾಗಿಯೂ ಶಾಲೆಗೆ ಸಂಬಂಧಿಸದ ಕೆಲಸಗಳನ್ನು ಉಪಾಧ್ಯಾಯನ ಹೆಗಲಿನಿಂದ ಇಳಿಸುವುದು ಆಳುವವರ ಕರ್ತವ್ಯವಾಗಿಯೇ ಉಳಿಯುವುದು.

ಇನ್ನು ಉಪಾಧ್ಯಾಯರನ್ನು ಸಿದ್ಧಪಡಿಸುವ ಕ್ರಮ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಯ ಮರದ ಮೇಲೆ ಕಟ್ಟಿಟ್ಟರೆಂಬ ಕಥೆಯನ್ನು ಈ ಸ್ಥಳದವರಿಗೆ ಹೇಳಬೇಕಾದುದಿಲ್ಲ. ತರಬೇತಿಯ ಕಾಲದಲ್ಲಿ ಉಪಾಧ್ಯಾಯನು ಪಡೆದ ಆರೋಗ್ಯಜ್ಞಾನವೂ ಅನೇಕ ವೇಳೆ ಹೀಗೆಯೇ ಮರದ ಮೇಲಿನ ಗಂಟಾಗಿ ಉಳಿಯುವುದು. ಎರಡು ವರ್ಷಗಳ ಪ್ರಾಥಮಿಕ ಶಿಕ್ಷಣ ತರಬೇತಿಗೆ ೨೦೧೪ರಲ್ಲಿ ರೂಪಿತವಾದ ಪಠ್ಯಕ್ರಮದಲ್ಲಿ ಮಕ್ಕಳ ದೇಹ ಮತ್ತು ಮನಸ್ಸುಗಳ ಸ್ವಾಸ್ಥ್ಯ, ಶಾಲಾ ಆರೋಗ್ಯ ಎಂಬ ವಿಷಯಕ್ಕೆ ಸ್ಥಾನ ದೊರೆತಿದೆ. ಆದರೆ ಅದು ಪ್ರಶ್ನಪತ್ರಿಕೆಗೆ ಉತ್ತರ ಬರೆಯುವುದರಲ್ಲಿ ಮುಗಿಯಬಾರದು. ಶ್ರವಣ, ಮನನ, ನಿದಿಧ್ಯಾಸನಗಳೆಂದು ಹಿರಿಯರು ಮೂರು ಮೆಟ್ಟಲುಗಳನ್ನು ಹೇಳಿರುವರು. ತರಬೇತಿಯಲ್ಲಿ ಈಗ ಶ್ರವಣವು ಬಹಳ, ಮನನವು ಸ್ವಲ್ಪ. ಮೂರನೆಯದು ಇನ್ನೂ ಬೆಳೆಯಬೇಕಾಗಿದೆ.

ಇದಕ್ಕೆ ಮೈಸೂರಿನಲ್ಲಿ ಅನುಕೂಲವು ಕೈಗೆಟಕುವಂತಿದೆ. ವೈದ್ಯಕೀಯ ಕಾಲೇಜು ಎಂದಮೇಲೆ ಅದಕ್ಕೆ ಸೇರಿದಂತೆ ಹಳ್ಳಿಯಲ್ಲೊಂದು, ನಗರದಲ್ಲೊಂದು ಆರೋಗ್ಯ ತರಬೇತಿ ಕೇಂದ್ರವಿರಬೇಕೆಂಬುದು ನಿಯಮ. ವೈದ್ಯವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಜನರ ನಡುವೆ ಕೆಲಸ ಕಲಿಯುವರು. ಉಪಾಧ್ಯಾಯರಾಗಲಿರುವ ವಿದ್ಯಾರ್ಥಿಗಳೂ ಅದೇ ಕೇಂದ್ರಕ್ಕೆ ಹೋಗಿ, ಒಬ್ಬ ವೈದ್ಯವಿದ್ಯಾರ್ಥಿಯೂ ಒಬ್ಬ ಉಪಾಧ್ಯಾಯ ವಿದ್ಯಾರ್ಥಿಯೂ ಜೊತೆಗೂಡಿ ಒಂದು ಶಾಲೆಯನ್ನು ಒಂದು ತಿಂಗಳು ನೋಡಿಕೊಂಡರೆ ಇಬ್ಬರಿಗೂ ಲಾಭ. ವೈದ್ಯನಾಗುವವನು ಮಕ್ಕಳಿಗೆ ತಿಳಿಯುವ ಮಾತನ್ನು ಕಲಿಯುವನು. ಉಪಾಧ್ಯಾಯನಾಗುವವನು ನೋಡುವ ಕಣ್ಣನ್ನು ಪಡೆಯುವನು.

ಈಗಾಗಲೇ ಕೆಲಸದಲ್ಲಿರುವ ಉಪಾಧ್ಯಾಯರಿಗೆ ಒಂದೇ ಸಾರಿ ಕೊಡುವ ತರಬೇತಿಗಿಂತ ಸ್ವಲ್ಪಸ್ವಲ್ಪವಾಗಿ ವರ್ಷವೆಲ್ಲ ಕೊಡುವುದು ಮೇಲು. ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಸುತ್ತಣ ಶಾಲೆಗಳ ಉಪಾಧ್ಯಾಯರು ಸಮಾಲೋಚನೆಗಾಗಿ ಕೂಡುವುದುಂಟು. ಅಂಥ ಸಭೆಯಲ್ಲಿ ಅರ್ಧ ಗಂಟೆಯನ್ನು ಆರೋಗ್ಯಕ್ಕೆ ಮೀಸಲಿಟ್ಟು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ದಾದಿಯರನ್ನೋ ಕರೆಸಿ, ಒಂದು ತಿಂಗಳಿಗೆ ಒಂದೇ ವಿಷಯದಂತೆ ಕಲಿಸಬಹುದು. ಹಿಂದಿನ ತಿಂಗಳು ಕಲಿತುದನ್ನು ಶಾಲೆಯಲ್ಲಿ ಮಾಡಿದಾಗ ಬಂದ ತೊಡಕುಗಳನ್ನು ಮೊದಲು ವಿಚಾರಿಸಿ, ಬಳಿಕ ಹೊಸದನ್ನು ಹೇಳತಕ್ಕದ್ದು. ವರ್ಷದ ಕ್ರಮವನ್ನು ಋತುವಿಗೆ ಹೊಂದಿಸಿಕೊಳ್ಳಬಹುದು. ಶಾಲೆ ತೆರೆದ ಜೂನಿನಲ್ಲಿ ಎತ್ತರ, ತೂಕ, ದೃಷ್ಟಿಗಳ ಪರೀಕ್ಷೆ. ಮಳೆ ಹಿಡಿದ ಜುಲೈಯಲ್ಲಿ ಸೊಳ್ಳೆಯ ವಿಚಾರ. ಡೆಂಗಿ ಜ್ವರವನ್ನು ತರುವ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನಗಳೊಳಗೆ ಬೆಳೆದು ಹಾರುವುದರಿಂದ, ವಾರಕ್ಕೊಂದು ಸಾರಿ ತೊಟ್ಟಿಗಳನ್ನು ಬರಿದುಮಾಡಿ ಉಜ್ಜುವ ಕೆಲಸ. ಆಗಸ್ಟಿನಲ್ಲಿ ಜಂತುಹುಳು, ಆ ತಿಂಗಳ ೧೦ನೆಯ ತಾರೀಖು ಮತ್ತು ಫೆಬ್ರವರಿ ೧೦ನೆಯ ತಾರೀಖು ದೇಶವೆಲ್ಲ ಮಾತ್ರೆ ಕೊಡುವ ದಿನಗಳೆಂದು ಗೊತ್ತಾಗಿರುವುದರಿಂದ ಕೊಕ್ಕೆಹುಳು ಬರಿಗಾಲಿನಿಂದ ಹೊಕ್ಕುವುದೆಂಬುದನ್ನು ಆಗಲೇ ಹೇಳತಕ್ಕದ್ದು. ದಸರೆಯ ಬಿಡುವಿನ ಮುಂಚೆ ಆಹಾರ. ಛಳಿಗಾಲದಲ್ಲಿ ಹಲ್ಲು ಮತ್ತು ಕೆಮ್ಮು, ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಬೇಕೆಂಬ ಎಚ್ಚರಿಕೆ. ಪರೀಕ್ಷೆಗಳು ಹತ್ತಿರವಾದಾಗ ನಿದ್ರೆ, ಭಯ, ಮನಸ್ಸಿನ ಸಮಾಧಾನ. ಹೀಗೆ ಋತುವೇ ಪಾಠವನ್ನು ನೆನಪಿಸಿಕೊಡುವುದು.

ಮನಸ್ಸಿನ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಅನುಭವವು ಮಾರ್ಗದರ್ಶಕವಾಗಿದೆ. ಪ್ರೌಢಶಾಲೆಗಳ ಉಪಾಧ್ಯಾಯರನ್ನೇ ಪಳಗಿಸಿ ಅವರ ಮೂಲಕ ಮಕ್ಕಳಿಗೆ ಜೀವನಕೌಶಲಗಳನ್ನು ಕಲಿಸುವ ಕಾರ್ಯಕ್ರಮವನ್ನು ಅಲ್ಲಿಯ ತಜ್ಞರು ನಡೆಸಿ, ೨೦೧೦ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಾರ್ಯಕ್ರಮದಲ್ಲಿದ್ದ ೬೦೫ ಮಕ್ಕಳನ್ನು ಇಲ್ಲದ ೪೨೩ ಮಕ್ಕಳೊಡನೆ ಒಂದು ವರ್ಷದ ಕೊನೆಯಲ್ಲಿ ಹೋಲಿಸಲಾಯಿತು. ಮೊದಲಿನವರಲ್ಲಿ ಆತ್ಮಗೌರವವೂ ಕಷ್ಟವನ್ನು ಎದುರಿಸುವ ಶಕ್ತಿಯೂ ಶಾಲೆಯಲ್ಲಿ ಉಪಾಧ್ಯಾಯರೊಡನೆ ಹೊಂದಿಕೊಳ್ಳುವ ಗುಣವೂ ಹೆಚ್ಚಾಗಿದ್ದುವು. ಮನೆಯಲ್ಲಿ ಹೊಂದಿಕೊಳ್ಳುವ ವಿಷಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಈ ಫಲದಲ್ಲಿ ಎರಡು ಪಾಠಗಳಿವೆ. ಮನೋವೈದ್ಯನಲ್ಲದ ಸಾಮಾನ್ಯ ಉಪಾಧ್ಯಾಯನೂ ಸರಿಯಾದ ಶಿಕ್ಷಣ ಪಡೆದರೆ ಮಗುವಿನ ಮನಸ್ಸನ್ನು ಬಲಪಡಿಸಬಲ್ಲನೆಂಬುದು ಒಂದು. ಶಾಲೆಯ ಶಿಕ್ಷಣವು ತಾನಾಗಿಯೇ ಮನೆಯ ಹೊಸ್ತಿಲನ್ನು ದಾಟದು, ಅದಕ್ಕೆ ತಂದೆತಾಯಿಗಳ ಕೈಯೂ ಸೇರಬೇಕೆಂಬುದು ಇನ್ನೊಂದು.

ಇಲ್ಲಿ ಎಲ್ಲಕ್ಕಿಂತಲೂ ಮುಖ್ಯವಾದ ಎಚ್ಚರಿಕೆಯೊಂದನ್ನು ಹೇಳಬೇಕು. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಉಗುರು, ಕೂದಲು, ಬಟ್ಟೆಗಳನ್ನು ನೋಡುವ ವಾಡಿಕೆ ಶಾಲೆಗಳಲ್ಲಿ ಉಂಟು. ಉದ್ದೇಶವು ಒಳ್ಳೆಯದೇ. ಆದರೆ ನೂರು ಮಕ್ಕಳೆದುರಿಗೆ ಒಂದು ಮಗುವನ್ನು ಕೊಳಕನೆಂದು ಹೊರಗೆ ನಿಲ್ಲಿಸಿದರೆ ಅದು ಶುಚಿಯನ್ನು ಕಲಿಯುವುದಿಲ್ಲ; ಶಾಲೆಗೆ ಬಾರದಿರುವುದನ್ನು ಕಲಿಯುವುದು. ಆ ಮಗುವಿನ ಬೀದಿಯಲ್ಲಿ ನೀರು ಎಷ್ಟು ದಿನಕ್ಕೊಂದು ಸಾರಿ ಬರುವುದೋ, ಅದರ ತಾಯಿ ಎಷ್ಟು ಹೊತ್ತಿಗೆ ಕೂಲಿಗೆ ಹೊರಡುವಳೋ, ಅದಕ್ಕೆ ಇರುವ ಸಮವಸ್ತ್ರ ಎಷ್ಟು ಜೊತೆಯೋ ವಿಚಾರಿಸಿದವರಾರು? ಬಡತನವನ್ನು ಕೊಳೆಯೆಂದು ಕರೆಯುವುದು ಆರೋಗ್ಯಶಿಕ್ಷಣವಲ್ಲ. ಶುಚಿಯ ಹೆಸರಿನಲ್ಲಿ ಮೇಲುಕೀಳೆಂಬುದನ್ನು ಮತ್ತೆ ಕಟ್ಟಿದರೆ ಅದು ಶರಣರು ಕೆಡವಿದ ಗೋಡೆಯನ್ನೇ ಕಟ್ಟಿದಂತೆ. ಮಗುವಿಗೆ ಹೇಳತಕ್ಕದ್ದನ್ನು ಏಕಾಂತದಲ್ಲಿ, ಮೃದುವಾಗಿ ಹೇಳಿ, ಶಾಲೆಯಲ್ಲಿಯೇ ನೀರು, ಸಾಬೂನು, ಬಾಚಣಿಗೆಗಳನ್ನಿಡುವುದು ಉಪಾಧ್ಯಾಯನ ಧರ್ಮ. ತರಬೇತಿಯಲ್ಲಿ ಮೊದಲು ಕಲಿಸತಕ್ಕದ್ದು ಇದನ್ನೇ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಮುಟ್ಟಿನ ವಿಚಾರವನ್ನು ಬಾಯಿಗೆ ತರಬಾರದೆಂಬ ಸಂಕೋಚದಿಂದ, ಹನ್ನೆರಡು ಹದಿಮೂರು ವರ್ಷದ ಬಾಲಕಿಯು ತನ್ನ ಶರೀರದ ಸಹಜ ಧರ್ಮವನ್ನು ರೋಗವೆಂದೋ ಪಾಪವೆಂದೋ ತಿಳಿದು ಒಬ್ಬಳೇ ಅಳುವುದುಂಟು; ತಿಂಗಳಲ್ಲಿ ಕೆಲವು ದಿನ ಶಾಲೆಯನ್ನು ಬಿಡುವುದೂ ಉಂಟು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ರಜಸ್ಸೂತಕವು ಅವುಗಳಲ್ಲೊಂದು. ಇಷ್ಟು ಹಿಂದೆಯೇ ಬಿಡುಗಡೆ ಪಡೆದ ವಿಷಯದಲ್ಲಿ ಶರಣರ ಸಂತತಿಯವರು ಇಂದು ನಾಚುವುದಕ್ಕೆ ಕಾರಣವಿಲ್ಲ. ಉಪಾಧ್ಯಾಯಿನಿಯು ತಾಯಿಯಂತೆ ತಿಳಿಸಿಹೇಳಲು ಬೇಕಾದ ಮಾತು, ಧೈರ್ಯ ಎರಡನ್ನೂ ತರಬೇತಿಯು ಒದಗಿಸಬೇಕು. ಬಾಗಿಲು ಭದ್ರವಾಗಿರುವ, ನೀರಿರುವ ಶೌಚಗೃಹವನ್ನು ಶಾಲೆಯು ಒದಗಿಸಬೇಕು.

ಹೀಗೆ ಉಪದೇಶವು ಉಪಕರಣವನ್ನು ಅಪೇಕ್ಷಿಸುವುದು. ೧೦೦ ಮಕ್ಕಳಿಗೆ ಒಂದು ಶೌಚಗೃಹ, ೬೦ ಮಕ್ಕಳಿಗೆ ಒಂದು ಮೂತ್ರಾಲಯ, ಒಂದು ತರಗತಿಯಲ್ಲಿ ೪೦ಕ್ಕೆ ಮೀರದಷ್ಟು ಮಕ್ಕಳು ಎಂಬಿವು ಶಾಲಾ ಆರೋಗ್ಯದ ಗ್ರಂಥಗಳು ಹೇಳುವ ಕನಿಷ್ಠ ಅಳತೆಗಳು. ನಲ್ಲಿಯಲ್ಲಿ ನೀರಿಲ್ಲದ ಶಾಲೆಯಲ್ಲಿ ಕೈತೊಳೆಯುವ ಪಾಠವು ಮಕ್ಕಳಿಗೆ ಕಪಟವನ್ನು ಕಲಿಸುವುದು. ಯೋಜನೆಯ ಫಲವನ್ನು ಅಳೆಯುವುದಕ್ಕೂ ಪ್ರಶ್ನಪತ್ರಿಕೆ ಬೇಡ. ಈ ತಿಂಗಳು ಎಷ್ಟು ಸಾಬೂನು ಸವೆಯಿತು, ಕಣ್ಣಿನ ಪರೀಕ್ಷೆಗೆ ಕಳುಹಿಸಿದವರಲ್ಲಿ ಎಷ್ಟು ಮಂದಿಗೆ ಕನ್ನಡಕ ಬಂದಿತು, ಗೈರುಹಾಜರಿ ಎಷ್ಟು ಇಳಿಯಿತು ಎಂಬ ಮೂರು ಲೆಕ್ಕಗಳನ್ನು ಇಟ್ಟರೆ ಸತ್ಯವು ತಾನಾಗಿ ತಿಳಿಯುವುದು.

ಕೊನೆಯದಾಗಿ ಭಕ್ತರ ಕರ್ತವ್ಯ. ಮಠಗಳು ವಿದ್ಯಾರ್ಥಿನಿಲಯಗಳನ್ನೂ ಶಾಲೆಗಳನ್ನೂ ನಡೆಸಿ ನಾಡಿಗೆ ಮಾಡಿರುವ ಉಪಕಾರವು ಲೋಕವಿದಿತ. ಮಠದ ಶಾಲೆಗಳಲ್ಲಿ ಈ ಕ್ರಮವು ಮೊದಲು ನಡೆದರೆ ಸರಕಾರಿ ಶಾಲೆಗಳಿಗೆ ಅದು ಮಾದರಿಯಾಗುವುದು. ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಭಕ್ತರಲ್ಲಿ ಅನೇಕರು ಸದಸ್ಯರಾಗಿರುವರು. ಅವರು ಸಭೆಯಲ್ಲಿ ಕೇಳತಕ್ಕ ಮೊದಲ ಪ್ರಶ್ನೆ, ಶಾಲೆಯ ನಲ್ಲಿಯಲ್ಲಿ ನೀರಿದೆಯೇ ಎಂಬುದಾಗಲಿ. ದಾನಮಾಡಲು ಮನಸ್ಸುಳ್ಳವರು ಹೆಸರು ಕೆತ್ತಿಸಿದ ಮಹಾದ್ವಾರಕ್ಕಿಂತ ಒಂದು ಸಾಲು ನಲ್ಲಿಗಳನ್ನು ಹಾಕಿಸುವುದು ಹೆಚ್ಚು ಪುಣ್ಯಕರವೆಂದು ತಿಳಿಯಲಿ. ವೈದ್ಯರಾದ ಭಕ್ತರು ತಿಂಗಳಿಗೆ ಅರ್ಧ ದಿನವನ್ನು ಹತ್ತಿರದ ಶಾಲೆಯ ಉಪಾಧ್ಯಾಯರಿಗೆ ಕೊಡಲಿ. ಉಪಾಧ್ಯಾಯರಾದವರು ನಾಳೆಯ ಊಟದ ಹೊತ್ತಿಗೆ ಮಕ್ಕಳೊಡನೆ ತಾವೂ ಸಾಲಿನಲ್ಲಿ ನಿಂತು ಕೈ ತೊಳೆಯಲಿ.

ವಿಜಯದಶಮಿಯ ರಾತ್ರಿ ಈ ಬಯಲಿನಲ್ಲಿ ಪಂಜುಗಳು ಉರಿಯುವುವು, ಕವಾಯತು ನಡೆಯುವುದು, ಸಹಸ್ರಾರು ಜನ ನೋಡಿ ಸಂತೋಷಪಡುವರು. ಅದು ವರ್ಷಕ್ಕೊಂದು ರಾತ್ರಿಯ ಶೋಭೆ. ಆರೋಗ್ಯಶಿಕ್ಷಣವು ಅಂಥದಲ್ಲ. ಅದು ನೋಡುವವರಿಲ್ಲದೆ, ಚಪ್ಪಾಳೆಯಿಲ್ಲದೆ, ಶಾಲೆಯ ಹಿತ್ತಿಲ ನಲ್ಲಿಯ ಬಳಿ ದಿನದಿನವೂ ನಡೆಯತಕ್ಕ ಕಾಯಕ. ಆ ಕಾಯಕವನ್ನು ನಡೆಸುವ ಉಪಾಧ್ಯಾಯರಿಗೆ ಬೇಕಾದ ಶಿಕ್ಷಣವನ್ನೂ ನೀರನ್ನೂ ಬಿಡುವನ್ನೂ ಗೌರವವನ್ನೂ ಒದಗಿಸುವುದು ಸಮಾಜದ ಹೊಣೆ.

ಶುಭಮಸ್ತು.